ಹತ್ತು ಅಂಕ ಒಂದಾಗುವುದು ಹೇಗೆ?

ನಮ್ಮ ಕಡೆಯ ಊರುಗಳ ಹೆಸರು ಗಮನಿಸಿದ್ದೀರಾ? ಜಹೀರಾಬಾದ್, ನಾರಾಯಣಖೇಡ್, ಗಡಿಯಾಚೆ ಬೀದರ್. ಎಲ್ಲವೂ ಅರ್ಧಾಕ್ಷರದಲ್ಲಿ ಮುಗಿಯುತ್ತವೆ. ತಾಂಡೂರಿಗೆ ಮಾತ್ರ ಕೊನೆಯಲ್ಲಿ ಒಂದು ಉಕಾರ ಇದೆ. ಕನ್ನಡ ಶಾಲೆಯ ಪ್ರಶ್ನೆಪತ್ರಿಕೆಯನ್ನು ಕಂಪ್ಯೂಟರಿನಲ್ಲಿ ತಾವೇ ಟೈಪ್ ಮಾಡುವ ಮಾಸ್ತರರು ಈ ಅರ್ಧಾಕ್ಷರದ ಕಥೆಯನ್ನು ತಿಳಿದಿರಬೇಕು.

1998ರಲ್ಲಿ ಶೇಷಾದ್ರಿ ವಾಸು ಅವರ ‘ಬರಹ’ ಬಂದ ಮೇಲೆ ಇಂಗ್ಲಿಷ್ ಕೀಲಿ ಒತ್ತಿ ಕನ್ನಡ ಮೂಡಿಸುವುದು ನಮ್ಮಲ್ಲಿ ಅನೇಕರಿಗೆ ರೂಢಿಯಾಯಿತು. ಈ ಪದ್ಧತಿಯಲ್ಲಿ ‘ಡಿ’ ಒತ್ತಿದರೆ ‘ದ್’ ಬರುತ್ತದೆ. ಮುಂದೆ ‘ಎ’ ಒತ್ತಿದರೆ ಆ ಒತ್ತು ಅಳಿದು ‘ದ’ ಆಗುತ್ತದೆ. ಅಳಿಸುವವರು ಯಾರು? ತಂತ್ರಾಂಶವೇ ನಮ್ಮ ಪರವಾಗಿ ಬ್ಯಾಕ್‌ಸ್ಪೇಸ್ ಕಳಿಸುತ್ತದೆ. ಅಂದರೆ ‘ಕೊನೆಗೆ ಮೂಡಿದ್ದು ದ್’ ಎಂದು ಅದು ನೆನಪಿಟ್ಟುಕೊಂಡಿರಬೇಕು.

ಈಗ ಹೀಗೆ ಯೋಚಿಸಿ. ಪತ್ರಿಕೆಯ ತಲೆಗೆ ‘ಜಹೀರಾಬಾದ್’ ಎಂದು ಟೈಪ್ ಮಾಡಿದಿರಿ. ತಕ್ಷಣ ಮೌಸ್ ಹಿಡಿದು ಕೆಳಗಿನ ‘10’ರ ಪಕ್ಕ ಕ್ಲಿಕ್ ಮಾಡಿ, ಜಾಗ ಬಿಡದೆ ‘ಅಂಕ’ ಎಂದು ಬರೆಯಲು ‘ಎ’ ಒತ್ತಿದಿರಿ. ನೀವು ಬೇರೆ ಕಡೆ ಕ್ಲಿಕ್ ಮಾಡಿದ್ದು ತಂತ್ರಾಂಶಕ್ಕೆ ತಿಳಿಯದಿದ್ದರೆ ಅದು ಹಳೆಯ ‘ದ್’ ಮುಂದೆಯೇ ಇದೆಯೆಂದು ಬ್ಯಾಕ್‌ಸ್ಪೇಸ್ ಹೊಡೆಯುತ್ತದೆ. ಸೊನ್ನೆ ಹೋಯಿತು. ಹತ್ತು ಅಂಕದ ಪ್ರಶ್ನೆ ಒಂದು ಅಂಕದ್ದಾಯಿತು! ಪರೀಕ್ಷೆಯ ದಿನ ಮಕ್ಕಳು ಅದಕ್ಕೆ ಒಂದೇ ಸಾಲಿನ ಉತ್ತರ ಬರೆದರೆ ಅವರ ತಪ್ಪೇನು?

ತಿಳಿಸಿಕೊಳ್ಳುವುದು ಸುಲಭವಲ್ಲ. ವಿಂಡೋಸಿನಲ್ಲಿ ಕ್ಲಿಕ್ಕಿನ ಸುದ್ದಿ ಸಾಮಾನ್ಯವಾಗಿ ಮೌಸಿನ ಬಾಣದ ಕೆಳಗಿರುವ ಕಿಟಕಿಗೇ ಹೋಗುತ್ತದೆ. ನೀವು ವರ್ಡ್‌ನಲ್ಲಿ ಒತ್ತಿದ್ದು ವರ್ಡ್‌ಗೆ ಗೊತ್ತು. ಗಡಿಯಾರದ ಪಕ್ಕ ಪುಟ್ಟ ಚಿತ್ರವಾಗಿ ಕುಳಿತಿರುವ ಕನ್ನಡ ತಂತ್ರಾಂಶಕ್ಕೆ ಗೊತ್ತಿಲ್ಲ. ಯಾವ ಕಿಟಕಿ ಮುಂದಿದೆ ಎಂದು ನೋಡುತ್ತಿದ್ದರೂ ಸಾಲದು, ಏಕೆಂದರೆ ಎರಡೂ ಸಾಲು ಒಂದೇ ಕಿಟಕಿಯಲ್ಲಿವೆ. ಅದಕ್ಕೇ ವಿಂಡೋಸ್ ‘ಹುಕ್’ ಎಂಬ ಏರ್ಪಾಡು ಕೊಟ್ಟಿದೆ. ಹೆಸರಿಗೆ ತಕ್ಕಂತೆ ಅದು ಕೊಕ್ಕೆಯೇ. ಕ್ಲಿಕ್ ಎಲ್ಲೇ ಆಗಲಿ, ಸುದ್ದಿ ಮೊದಲು ಕೊಕ್ಕೆ ಹಾಕಿದ ತಂತ್ರಾಂಶಕ್ಕೆ ಮುಟ್ಟಿ ನಂತರ ಮುಂದೆ ಹೋಗುತ್ತದೆ. ಕ್ಲಿಕ್ ಕಂಡ ಕೂಡಲೇ ತಂತ್ರಾಂಶ ಹಳೆಯ ಅಕ್ಷರವನ್ನು ಮರೆತರೆ ಸಾಕು, ಸೊನ್ನೆ ಉಳಿಯಿತು. ಈ ಕೆಲಸ ಬೇಗ ಮುಗಿಯಬೇಕು. ತಡವಾದರೆ ಮೌಸಿನ ಬಾಣ ತಡವರಿಸುತ್ತದೆ, ವಿಂಡೋಸ್ 7ರಿಂದ ಈಚೆಗೆ ಅಂಥ ಕೊಕ್ಕೆಯನ್ನು ಸದ್ದಿಲ್ಲದೆ ಕಿತ್ತೂ ಹಾಕಬಹುದು.

ಆದರೆ ಮಿತ್ರರೇ, ಪಕ್ಕದ ಮನೆಯ ಮಾತು ಕೇಳಿಸಿಕೊಳ್ಳುವ ಕಿವಿ ಒಳ್ಳೆಯವರಿಗೂ ಇರುತ್ತದೆ, ಕಳ್ಳರಿಗೂ ಇರುತ್ತದೆ. ಇದೇ ಜಾತಿಯ ಕೊಕ್ಕೆ ಕೀಲಿಮಣೆಗೂ ಇದೆ. ಅದರಿಂದ ಪಾಸ್‌ವರ್ಡ್ ಕದಿಯಬಹುದು. ಆಪಲ್ ಕಂಪ್ಯೂಟರುಗಳಲ್ಲಿ 2019ರಿಂದ ಬೇರೆ ತಂತ್ರಾಂಶದೊಳಗಿನ ಟೈಪಿಂಗ್ ಕೇಳಿಸಿಕೊಳ್ಳಲು ಬಳಸುವವರ ಒಪ್ಪಿಗೆ ಬೇಕು. ಲಿನಕ್ಸಿನ ವೇಲ್ಯಾಂಡ್ ಏರ್ಪಾಡಿನಲ್ಲಂತೂ ಒಂದು ತಂತ್ರಾಂಶ ಇನ್ನೊಂದರ ಕ್ಲಿಕ್ಕನ್ನು ಹೀಗೆ ಕದ್ದು ಕೇಳುವ ಹಾದಿಯೇ ಇಲ್ಲ. ಶಾಲೆಯ ಒಂದೇ ಕಂಪ್ಯೂಟರಿನಲ್ಲಿ ಮಕ್ಕಳ ವಿವರ, ಅಂಕಪಟ್ಟಿ, ಸಂಬಳದ ಲೆಕ್ಕ ಎಲ್ಲ ಇರುವಾಗ ಯಾರೋ ಪೆನ್ ಡ್ರೈವಿನಲ್ಲಿ ತಂದ ಟೈಪಿಂಗ್ ತಂತ್ರಾಂಶ ಹಾಕಿಸಿಕೊಳ್ಳಬೇಡಿ. ಬರಹವೋ ನುಡಿಯೋ, ತಯಾರಿಸಿದವರ ತಾಣದಿಂದಲೇ ಇಳಿಸಿಕೊಳ್ಳಿ.

ನನ್ನ ಸಲಹೆ ಇನ್‌ಸ್ಕ್ರಿಪ್ಟ್. 2001ರ ವಿಂಡೋಸ್ ಎಕ್ಸ್‌ಪಿಯಿಂದ ವಿಂಡೋಸ್ ಜೊತೆಯಲ್ಲೇ ಬರುತ್ತಿದೆ. ಇದರಲ್ಲಿ ‘ದ’ಕ್ಕೆ ಒಂದು ಕೀಲಿ, ಒತ್ತಿಗೆ ಇನ್ನೊಂದು ಕೀಲಿ. ಅಳಿಸುವ ಪ್ರಮೇಯವೇ ಇಲ್ಲ, ಆದ್ದರಿಂದ ಕ್ಲಿಕ್ಕಿಗೆ ಕಿವಿಗೊಡುವ ಅಗತ್ಯವೂ ಇಲ್ಲ. ಗಡಿಯವರಾದ ನಮಗೆ ಇನ್ನೊಂದು ಲಾಭವಿದೆ: ಕನ್ನಡದ ‘ಕ’ ಇರುವ ಕೀಲಿಯಲ್ಲೇ ತೆಲುಗಿನ ‘ಕ’ವೂ ಇದೆ. ಬೆರಳು ಒಮ್ಮೆ ಕಲಿತರೆ ಎರಡು ಭಾಷೆಗೆ ಸಾಕು. ಒಂದೆರಡು ವಾರ ಕೈ ತಡವರಿಸಬಹುದು, ಅಷ್ಟೇ. ಅಲ್ಲಿಯವರೆಗೆ ಹಳೆಯ ಪದ್ಧತಿಯಲ್ಲೇ ಬರೆಯುವವರು ‘ಜಹೀರಾಬಾದ್’ ಆದ ಮೇಲೆ ಒಮ್ಮೆ ಸ್ಪೇಸ್ ಒತ್ತಿ ಮೌಸ್ ಮುಟ್ಟಿ. ಮುದ್ರಣಕ್ಕೆ ಕೊಡುವ ಮುನ್ನ ಅಂಕಗಳನ್ನು ಇನ್ನೊಮ್ಮೆ ಕೂಡಿಸಿ ನೋಡಿ.