ಕಾರಿನ ದಿಮಾಗ್ ಎಲ್ಲಿದೆ?

ಕಾಮರ್ಸ್ ಹುಡುಗನಿಗೆ ಗ್ಯಾರೇಜಿನಲ್ಲಿ ಏನು ಕೆಲಸ ಎಂದು ಗೆಳೆಯರು ನಗುತ್ತಾರೆ. ಅಕೌಂಟೆನ್ಸಿಯಲ್ಲಿ ಓದುವ ಸವಕಳಿಯನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಮಾಮು ಗ್ಯಾರೇಜಿಗೇ ಬರಬೇಕು. 20 ವರ್ಷದ ಹಿಂದೆ ಸಾಹುಕಾರರು ಓಡಾಡಿದ ಕಾರು ಈಗ ಹೊಸ ಸಣ್ಣ ಕಾರಿಗಿಂತ ಅಗ್ಗ. ಆದರೆ ಅದರೊಳಗಿನ ಕಂಟ್ರೋಲ್ ಮಾಡ್ಯೂಲ್‌ಗಳ ಬೆಲೆ ಅಷ್ಟು ಇಳಿದಿರುವುದಿಲ್ಲ.

ಈ ಮಾಡ್ಯೂಲ್‌ಗಳಿಗೆಲ್ಲ ಮಾಮು ಇಟ್ಟಿರುವ ಹೆಸರು ದಿಮಾಗ್, ಅಂದರೆ ಮಿದುಳು. ಹೊಸ ಕಾರು ಬಂದರೆ ಮೊದಲ ಪ್ರಶ್ನೆ, "ಇಸ್ಕಾ ದಿಮಾಗ್ ಕಾಂ ಹೈ?" ನಮಗೆ ತಲೆಯೊಳಗೆ ಒಂದೇ ದಿಮಾಗ್. ಇಂಥ ಕಾರಿಗೆ ಇಂಜಿನ್ನಿಗೊಂದು, ಗೇರಿಗೊಂದು, ಬ್ರೇಕಿಗೊಂದು, ಬಾಗಿಲಿಗೂ ಒಂದು. ಬಾಷ್ ಕಂಪನಿ 1986ರಲ್ಲಿ ಪರಿಚಯಿಸಿದ ಕ್ಯಾನ್ ಎಂಬ ಎರಡು ತಂತಿಯ ವ್ಯವಸ್ಥೆಯಲ್ಲಿ ಅವು ಪರಸ್ಪರ ಮಾತಾಡುತ್ತವೆ. ಸ್ಟಿಯರಿಂಗ್ ಕೆಳಗಿನ 16 ಪಿನ್ನಿನ ಸಾಕೆಟ್‌ಗೆ ಸ್ಕ್ಯಾನರ್ ಹಾಕಿದರೆ ಯಾವುದು ಮಾತಾಡುತ್ತಿಲ್ಲ ಎಂದು ಗೊತ್ತಾಗುತ್ತದೆ. ಅದು ಎಲ್ಲಿ ಕೂತಿದೆ ಎಂದು ಸ್ಕ್ಯಾನರ್ ಹೇಳುವುದಿಲ್ಲ.

1998ರಲ್ಲಿ ಬಂದ ಬಿಎಂಡಬ್ಲ್ಯೂ 3 ಸೀರೀಸ್‌ನಲ್ಲಿ ಇಂಜಿನ್ನಿನ ಮಾಡ್ಯೂಲ್ ಬಾನೆಟ್ ಕೆಳಗೆ, ಹಿಂದಿನ ಮೂಲೆಯ ಕಪ್ಪು ಪೆಟ್ಟಿಗೆಯಲ್ಲಿದೆ. ಬಾಗಿಲು, ಕಿಟಕಿ ನೋಡಿಕೊಳ್ಳುವುದು ಗ್ಲೋವ್ ಬಾಕ್ಸ್ ಹಿಂದೆ. 2002ರಲ್ಲಿ ಬಂದ ಮರ್ಸಿಡಿಸ್ ಇ-ಕ್ಲಾಸ್‌ನಲ್ಲಿ ಹಿಂಭಾಗದ ದೀಪಗಳ ಮಾಡ್ಯೂಲ್ ಡಿಕ್ಕಿಯ ಎಡಪಕ್ಕದಲ್ಲಿ. ಮುಖ್ಯ ಬ್ಯಾಟರಿಯೂ ಡಿಕ್ಕಿಯಲ್ಲೇ. ಇಂಟರ್ನೆಟ್ಟಿನಲ್ಲಿ ಸಿಗುವ ಚಿತ್ರಗಳು ಹೆಚ್ಚಾಗಿ ಅಮೆರಿಕದವು. ಅವರ 'ಡ್ರೈವರ್ ಕಡೆ' ನಮಗೆ ಪಕ್ಕದ ಸೀಟು. ಹಾಗಂತ ಎಲ್ಲವನ್ನೂ ತಿರುಗಿಸಿ ಓದಿದರೂ ಆಗದು, ಏಕೆಂದರೆ ಸ್ಟಿಯರಿಂಗ್ ಜಾಗ ಬದಲಾದರೂ ಕೆಲವು ಮಾಡ್ಯೂಲ್ ಕೂತಲ್ಲೇ ಕೂತಿರುತ್ತವೆ! ಏರ್‌ಬ್ಯಾಗ್‌ನದು ಸಾಮಾನ್ಯವಾಗಿ ಗೇರ್ ಲಿವರ್ ಹತ್ತಿರ, ನಡುವೆ. ಬ್ಯಾಟರಿ ತಂತಿ ಬಿಚ್ಚದೆ ಅದರ ಹತ್ತಿರ ಕೈ ಹಾಕಲು ಮಾಮು ಬಿಡುವುದಿಲ್ಲ.

ಹೋದ ಮಳೆಗಾಲದಲ್ಲಿ ಒಬ್ಬರು ಇನ್ನೊಂದು ಕಂಪನಿಯ ಹಳೆಯ ಕಾರು ತಂದರು. ಮದುವೆಗಳಿಗೆ ಬಾಡಿಗೆ ಬಿಡುವ ಕಾರು. ಮನೆ ನಡೆಯುವುದೇ ಅದರಿಂದ. ಗೇರ್ ಬೀಳುತ್ತಿರಲಿಲ್ಲ. ಬೇರೆಲ್ಲೋ 80,000 ರೂಪಾಯಿ ಕೇಳಿದ್ದರಂತೆ. ಮಾಮು ಮುಂದಿನ ಸೀಟಿನ ಕಾಲಡಿಯ ಕಾರ್ಪೆಟ್ ಮೇಲೆ ಅಂಗೈ ಒತ್ತಿದರು. ನೀರು ಜಿನುಗಿತು. ಗಾಜಿನ ಕೆಳಗಿನ ನೀರು ಹೋಗುವ ತೂತಿನಲ್ಲಿ ಹೊಂಗೆ ಎಲೆ ಕಟ್ಟಿಕೊಂಡಿತ್ತು. ಗೇರಿನ ಮಾಡ್ಯೂಲ್ ಆ ಕಾರ್ಪೆಟ್ ಅಡಿಯಲ್ಲೇ ಇತ್ತು. ಪಿನ್ನುಗಳಿಗೆ ಹಸಿರು ಕಿಲುಬು. ತೊಳೆದು, ಎರಡು ದಿನ ಒಣಗಿಸಿ ಹಾಕಿದಾಗ ಕಾರು ಹೊರಟಿತು. ಅವರು ಏನೂ ಮಾತಾಡದೆ ಮಾಮು ಕೈ ಹಿಡಿದುಕೊಂಡು ನಿಂತರು.

ಮಾಮು ಕಣ್ಣಿಗೆ ಈಗ ಪೊರೆ ಬಂದಿದೆ. 30 ವರ್ಷದ ಲೆಕ್ಕವೆಲ್ಲ ಅವರ ತಲೆಯಲ್ಲೇ ಇದೆ. ಅವರಿಗೆ ಓದಲು ಬರುವುದು ಉರ್ದು, ಕೆಲಸದ ಹುಡುಗರಿಗೆ ಕನ್ನಡ. ಆದ್ದರಿಂದ ಭಾನುವಾರಗಳಲ್ಲಿ ಅವರು ಹೇಳುತ್ತಾರೆ, ನಾನು ಲೆಡ್ಜರ್ ಪುಸ್ತಕದಲ್ಲಿ ಕನ್ನಡದಲ್ಲಿ ಬರೆಯುತ್ತೇನೆ: ಕಾರು, ವರ್ಷ, ಯಾವ ದಿಮಾಗ್, ಎಲ್ಲಿ, ಎಷ್ಟು ಸ್ಕ್ರೂ. ಎಡ-ಬಲ ಎಂದರೆ ಕಾರಿನಲ್ಲಿ ಮುಂದೆ ನೋಡಿ ಕೂತವನ ಎಡ-ಬಲ ಎಂದು ಮೊದಲ ಪುಟದಲ್ಲೇ ಬರೆದಿದ್ದೇನೆ. ಇದುವರೆಗೆ 23 ಕಾರುಗಳಾಗಿವೆ. ಪೊರೆಯ ಆಪರೇಷನ್ ಪರೀಕ್ಷೆಯ ಮುಂದಿನ ವಾರ. ಅಷ್ಟರೊಳಗೆ ಇನ್ನೂ ಹತ್ತನ್ನಾದರೂ ಬರೆಸಬೇಕು ಎನ್ನುತ್ತಾರೆ ಮಾಮು. ಮೊದಲು ಸ್ಟ್ಯಾಟಿಸ್ಟಿಕ್ಸ್ ಓದು ಎನ್ನುತ್ತಾರೆ ಅಮ್ಮಿ.