ಅಂಟಿಸಿದ ಗಡ್ಡ

ನಾನು ಮುದುಕನ ಪಾತ್ರಕ್ಕೆಂದೇ ಹುಟ್ಟಿದವನು. ಇದು ಜಂಬದ ಮಾತಲ್ಲ. ನಮ್ಮ ಬಡಾವಣೆಯ ಕನ್ನಡ ಸಂಘದವರು ಒಕ್ಕೊರಲಿನಿಂದ ಕೊಟ್ಟ ತೀರ್ಪು. 22ನೆಯ ವಯಸ್ಸಿನಲ್ಲಿ ಮೊದಲ ಸಲ ಬಣ್ಣ ಹಚ್ಚಿದಾಗ ನನಗೆ ಸಿಕ್ಕಿದ್ದು ನಾಯಕಿಯ ತಾತನ ಪಾತ್ರ. ಕೆಮ್ಮು ಬಹಳ ಸಹಜವಾಗಿ ಬಂತೆಂದು ಎಲ್ಲರೂ ಹೊಗಳಿದರು. ಅಂದಿನಿಂದ ಪ್ರತಿ ರಾಜ್ಯೋತ್ಸವಕ್ಕೂ ನಾನು ಕೆಮ್ಮಿದ್ದೇ ಕೆಮ್ಮಿದ್ದು. ನಾಯಕರಾಗಿದ್ದವರಿಗೆ ವರ್ಗವಾಯಿತು, ಕೆಲವರಿಗೆ ಹೊಟ್ಟೆ ಬಂತು, ಕೂದಲು ಹೋಯಿತು. ಬಿಳಿಯ ಗಡ್ಡದ ಮರೆಯಲ್ಲಿ ನಾನೊಬ್ಬ ಮಾತ್ರ 45 ವರ್ಷ ಅಲುಗಾಡದೆ ನಿಂತೆ.

ಪಾಲ್ ಮುನಿ ಎಂಬ ಅಮೆರಿಕದ ನಟ ನನಗೆ ದೂರದ ನೆಂಟನಂತೆ ತೋರುವುದು ಈ ಕಾರಣಕ್ಕೇ ಇರಬೇಕು. ಹೆಸರು ಕೇಳಿ ಯಾವುದೋ ಆಶ್ರಮದವನೆಂದು ಭಾವಿಸಬೇಡಿ. ಅವನು ಹುಟ್ಟಿದ್ದು 1895ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿಗೆ ಸೇರಿದ್ದ ಲೆಂಬರ್ಗ್ ಪಟ್ಟಣದಲ್ಲಿ. ಇಂದು ಅದು ಉಕ್ರೇನಿನ ಲ್ವಿವ್. ತಂದೆ ತಾಯಿ ಇಬ್ಬರೂ ಯಿಡ್ಡಿಷ್ ಭಾಷೆಯಲ್ಲಿ ನಾಟಕವಾಡುತ್ತ ಊರೂರು ತಿರುಗುತ್ತಿದ್ದ ಯಹೂದಿ ಕಲಾವಿದರು. ಹುಡುಗನಿಗೆ 7 ವರ್ಷವಾಗುವ ಹೊತ್ತಿಗೆ ಸಂಸಾರ ಅಮೆರಿಕ ಸೇರಿತು. ನಮ್ಮ ಕಂಪೆನಿ ನಾಟಕದವರ ಮಕ್ಕಳು ಪರದೆಯ ಹಿಂದೆ ಆಡಿ ಬೆಳೆದಂತೆ ಅವನೂ ಬೆಳೆದ. 12ನೆಯ ವಯಸ್ಸಿನಲ್ಲಿ ಅವನಿಗೆ ಮೊದಲ ಪಾತ್ರ ಸಿಕ್ಕಿತು: 80 ವರ್ಷದ ಮುದುಕ!

ಆಮೇಲೆ ಅವನಿಗೆ ಮುದಿತನದಿಂದ ಬಿಡುಗಡೆಯೇ ಆಗಲಿಲ್ಲ. 1926ರಲ್ಲಿ, 31ನೆಯ ವಯಸ್ಸಿನಲ್ಲಿ, ಮೊದಲ ಬಾರಿ ಇಂಗ್ಲಿಷ್ ನಾಟಕವಾಡಲು ಬ್ರಾಡ್‌ವೇ ಹತ್ತಿದಾಗಲೂ ಅವನಿಗೆ ಕೊಟ್ಟಿದ್ದು ವಯಸ್ಸಾದವನ ಪಾತ್ರವನ್ನೇ. ಚಿತ್ರರಂಗಕ್ಕೆ ಹೋದ ಮೇಲೆ ಲೂಯಿ ಪಾಶ್ಚರನಾಗಿ ಗಡ್ಡ ಬಿಟ್ಟು 1936ರ ಚಿತ್ರಕ್ಕೆ ಆಸ್ಕರ್ ಪಡೆದ. ಮರುವರ್ಷ ಎಮಿಲ್ ಝೋಲಾ ಆದ. 1939ರಲ್ಲಿ ಮೆಕ್ಸಿಕೋದ ಬೆನಿಟೋ ಹುವಾರೆಸ್ ಆದ. ಒಂದು ಚಿತ್ರದ ಮುಖ ಇನ್ನೊಂದರಲ್ಲಿ ಇಲ್ಲ. ಈ ವಿದ್ಯೆಗೂ ಒಂದು ಮೇರೆಯಿದೆಯೆಂದು ಹೇಳಲೇಬೇಕು. 1937ರ 'ದಿ ಗುಡ್ ಅರ್ಥ್' ಚಿತ್ರದಲ್ಲಿ ಅವನು ಚೀನಾದ ರೈತನಾದ. ರೈತನ ಹೆಂಡತಿಯೂ ಬಿಳಿಯಳೇ. ಅದೇ ಹಾಲಿವುಡ್ಡಿನಲ್ಲಿದ್ದ ಚೀನೀ ಮೂಲದ ನಟಿ ಆನಾ ಮೇ ವಾಂಗ್‌ಗೆ ಆ ಪಾತ್ರ ದೊರೆಯಲಿಲ್ಲ. ಗಡ್ಡವಂಟಿಸಿದರೆ ಯಾರ ಹೊಟ್ಟೆಯ ಮೇಲೂ ಹೊಡೆದಂತಾಗುವುದಿಲ್ಲ; ಇನ್ನೊಬ್ಬರ ಮುಖವನ್ನೇ ಅಂಟಿಸಿಕೊಳ್ಳುವುದು ಬೇರೆ ಮಾತು.

ಆದರೆ ನನ್ನ ಮನಸ್ಸಿನಲ್ಲಿ ನಿಂತಿರುವುದು ಅವನ ಗಡ್ಡವಿಲ್ಲದ ಮುಖ. ಕಾಲೇಜಿನ ದಿನಗಳಲ್ಲಿ, ಬೆಂಗಳೂರಿನ ಒಂದು ಫಿಲಂ ಸೊಸೈಟಿಯಲ್ಲಿ, ಗೆರೆ ಬಿದ್ದ ಪ್ರತಿಯೊಂದರಲ್ಲಿ ಅವನ 1932ರ ಚಿತ್ರ ನೋಡಿದೆ. ಕಾಲಿಗೆ ಸರಪಳಿ ಹಾಕಿ ಕಲ್ಲು ಒಡೆಸುವ ಸೆರೆಮನೆಯಿಂದ ತಪ್ಪಿಸಿಕೊಂಡವನ ನಿಜಜೀವನದ ಕಥೆ ಅದು. ಕಡೆಯ ದೃಶ್ಯದಲ್ಲಿ ಅವನು ಪ್ರೇಯಸಿಯನ್ನು ನೋಡಲು ರಾತ್ರಿ ಕದ್ದು ಬರುತ್ತಾನೆ. ಹೊಟ್ಟೆಗೆ ಏನು ಮಾಡುತ್ತೀ ಎಂದು ಅವಳು ಕೇಳುತ್ತಾಳೆ. ಅವನು ಹಿಂದೆ ಹಿಂದೆ ಸರಿಯುತ್ತಾನೆ; ಮುಖ ಕತ್ತಲೆಯಲ್ಲಿ ಕರಗಿಹೋಗುತ್ತದೆ; ಕಳ್ಳತನ ಮಾಡುತ್ತೇನೆ ಎಂಬ ಉತ್ತರ ಕತ್ತಲೆಯಿಂದ ಬರುತ್ತದೆ. ಅಂದು ರಾತ್ರಿ ನನಗೆ ನಿದ್ರೆ ಬರಲಿಲ್ಲ.

ಎರಡು ವರ್ಷದ ಹಿಂದೆ ಆ ಕತ್ತಲೆ ನನ್ನ ಎಡಗಣ್ಣಿಗೇ ಬಂತು. ಗ್ಲಾಕೋಮಾ ಎಂಬುದು ಸಭ್ಯ ಕಳ್ಳ. ನೋವಿಲ್ಲ, ಸದ್ದಿಲ್ಲ, ಅಂಚಿನಿಂದ ಸ್ವಲ್ಪ ಸ್ವಲ್ಪವೇ ಒಯ್ಯುತ್ತದೆ. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಲು ದಿನವೂ ಹನಿ ಹಾಕಿಕೊಳ್ಳಬೇಕು ಎಂದರು ವೈದ್ಯರು. ಒಂದು ಕಣ್ಣಿನ ಲೋಕದಲ್ಲಿ ದೂರ ಹತ್ತಿರಗಳ ಲೆಕ್ಕ ತಪ್ಪುತ್ತದೆ. ಕಾಫಿ ಲೋಟದ ಪಕ್ಕದಲ್ಲಿ ಬೀಳುತ್ತಿತ್ತು. "ಇರಲಿ ಬಿಡಿ, ನಾನೇ ಬಗ್ಗಿಸ್ತೀನಿ" ಎಂದು ನನ್ನಾಕೆ ಮೆಲ್ಲಗೆ ಪಾತ್ರೆ ತೆಗೆದುಕೊಂಡಳು. ಆ ಮೆಲುದನಿಯೇ ನನಗೆ ಹೆಚ್ಚು ಭಯ ಹುಟ್ಟಿಸಿತು.

ಆ ವರ್ಷ ಸಂಘದವರು ಬಂದಾಗ ಬಿಡುವಿಲ್ಲ ಎಂದುಬಿಟ್ಟೆ. ಅವರು ಹೋದ ಮೇಲೆ ಅವಳು ಕೇಳಿದಳು: "ಅಲ್ಲರೀ, ಪಿಂಚಣಿದಾರರಿಗೆ ಎಂಥದ್ದು ಬಿಡುವಿಲ್ಲದ ಕೆಲಸ?" ನಾನು ಪತ್ರಿಕೆ ಅಡ್ಡ ಹಿಡಿದೆ. ರಂಗದ ಅಂಚು ಕಾಣದೆ ಎಲ್ಲರ ಎದುರಿಗೆ ಬಿದ್ದೇನು ಎಂಬ ಹೆದರಿಕೆಯನ್ನು ಹೆಂಡತಿಗೂ ಹೇಳಲಾಗಲಿಲ್ಲ. 45 ವರ್ಷ ಅಂಟಿಸಿದ ಗಡ್ಡದ ಹಿಂದೆ ಇದ್ದವನಿಗೆ ನಿಜವಾದ ಮುಪ್ಪು ತೋರಿಸಲು ನಾಚಿಕೆ!

ಆಗ ಮತ್ತೆ ನೆನಪಾದವನು ಮುನಿ. 1955ರ ಏಪ್ರಿಲ್‌ನಲ್ಲಿ ಅವನು ನ್ಯೂಯಾರ್ಕಿನಲ್ಲಿ 'ಇನ್‌ಹೆರಿಟ್ ದಿ ವಿಂಡ್' ನಾಟಕ ಆರಂಭಿಸಿದ. ವಿಕಾಸವಾದ ಬೋಧಿಸಿದ ಉಪಾಧ್ಯಾಯನೊಬ್ಬನ ಮೇಲೆ 1925ರಲ್ಲಿ ಟೆನೆಸಿಯಲ್ಲಿ ನಡೆದ ಮೊಕದ್ದಮೆಯಿಂದ ಹುಟ್ಟಿದ ನಾಟಕ. ಇವನದು ಪ್ರತಿವಾದಿಯ ವಕೀಲನ ಪಾತ್ರ. ನಾಲ್ಕೇ ತಿಂಗಳಲ್ಲಿ ಎಡಗಣ್ಣಿನಲ್ಲಿ ಗೆಡ್ಡೆಯಿದೆಯೆಂದು ತಿಳಿಯಿತು. ಕಣ್ಣನ್ನೇ ತೆಗೆದರು. ಅವನ ಜಾಗಕ್ಕೆ ಮೆಲ್ವಿನ್ ಡಗ್ಲಸ್ ಬಂದ. ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ಕೆಲವೇ ತಿಂಗಳಲ್ಲಿ ಮುನಿ ಅದೇ ರಂಗಕ್ಕೆ ಹಿಂದಿರುಗಿದ. ಆ ಪಾತ್ರಕ್ಕೆ 1956ರಲ್ಲಿ ಟೋನಿ ಪ್ರಶಸ್ತಿ ಬಂತು. 1959ರ ಅವನ ಕೊನೆಯ ಚಿತ್ರದಲ್ಲಿ ಬ್ರೂಕ್ಲಿನ್ನಿನ ಬಡವರ ವೈದ್ಯನಾದ. ಮೊದಲ ಚಿತ್ರದಂತೆ ಅದಕ್ಕೂ ಆಸ್ಕರ್ ನಾಮಕರಣ ದೊರೆಯಿತು. 1967ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೀರಿಕೊಂಡ.

ಇದನ್ನು ನೆನೆದ ಮಾತ್ರಕ್ಕೆ ನನಗೆ ಧೈರ್ಯ ಬಂತೆಂದರೆ ಸುಳ್ಳಾದೀತು. ಧೈರ್ಯ ಬಂದದ್ದಲ್ಲ, ಸುಳ್ಳು ಹೇಳಿ ಬೇಸರ ಬಂದದ್ದು. ಕಳೆದ ನವೆಂಬರಿನಲ್ಲಿ ಮುದುಕನ ಪಾತ್ರ ವಹಿಸಿದ್ದ ಬೀದಿಯ ಕೊನೆಮನೆಯ ಹುಡುಗ ಬಂದು, "ಸಾರ್, ಕೆಮ್ಮೋದು ಹೇಳಿಕೊಡಿ" ಎಂದ. ಅವನಿಗಿನ್ನೂ 25 ಇರಬಹುದು. ಕೆಮ್ಮಿ ತೋರಿಸಿದೆ, ಆಮೇಲೆ, ಯಾಕೋ, ಕಣ್ಣಿನ ವಿಷಯವನ್ನೂ ಹೇಳಿಬಿಟ್ಟೆ. ಒಳಗಿನಿಂದ ಪಾತ್ರೆಯ ಸದ್ದು ನಿಂತಿತು.

ನಾಟಕದ ದಿನ ಅವನ ಗಡ್ಡ ಅಂಟಿಸಲು ನಾನೇ ಹೋದೆ. ಗೋಂದಿನ ಕುಂಚ ಗಲ್ಲ ತಪ್ಪಿ ಕಿವಿಗೆ ತಾಗಿತು. ಹುಡುಗ ನಗಲಿಲ್ಲ. ನನ್ನ ಮಣಿಕಟ್ಟು ಹಿಡಿದು, "ಇಲ್ಲಿ ಸಾರ್" ಎಂದು ಗಲ್ಲಕ್ಕೆ ತಂದಿಟ್ಟ. ಗಡ್ಡ ಸ್ವಲ್ಪ ಸೊಟ್ಟಗೆ ಕೂತರೂ ಕೊನೆಯ ಅಂಕದವರೆಗೆ ಉದುರಲಿಲ್ಲ.

ಈ ವರ್ಷ ನಾಟಕದಲ್ಲಿ ಕುರ್ಚಿಯಲ್ಲೇ ಕೂತಿರುವ ಮುದುಕ ಯಾರಾದರೂ ಇದ್ದರೆ ತಿಳಿಸಿ ಎಂದು ಸಂಘಕ್ಕೆ ಹೇಳಿ ಕಳಿಸಿದ್ದೇನೆ. ಗಡ್ಡ ಬೇಡ ಎಂದೂ ಹೇಳಿದ್ದೇನೆ.