ಸ್ಯಾಮನ ಕೈತೋಟ, ಅಜ್ಜಿಯ ಹಾಲು

ಮಳೆಗಾಲದಲ್ಲಿ ಮಂಜರಾಬಾದ್ ಹತ್ತಿದವರಿಗೆ ಕೋಟೆಗಿಂತ ಮಂಜೇ ಹೆಚ್ಚು ಕಾಣುತ್ತದೆ. 1792ರಲ್ಲಿ ಟಿಪ್ಪು ಕಟ್ಟಿಸಿದ ಎಂಟು ಮೂಲೆಯ ಈ ನಕ್ಷತ್ರಕೋಟೆ, ಗಾಳಿ ಬಂದಾಗ ಒಂದು ಮೂಲೆ ತೋರಿಸಿ ಮತ್ತೆ ಮುಸುಕೆಳೆದುಕೊಳ್ಳುತ್ತದೆ. ಟೋಲ್ಕಿನ್ ಓದಿದ ಸಕಲೇಶಪುರದ ಹುಡುಗರಿಗೆ ಇದು ಆ ಕಥೆಯ ಕತ್ತಲ ನಾಡಾದ ಮಾರ್ಡರ್‌ನ ಹೊರಠಾಣೆಯಂತೆ ಕಂಡರೆ ಆಶ್ಚರ್ಯವಿಲ್ಲ.

1954–55ರಲ್ಲಿ ಮೂರು ಸಂಪುಟಗಳಾಗಿ ಬಂದ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ನಲ್ಲಿ ಹಿಡಿದವರನ್ನು ಆಸೆ ತೋರಿಸಿ ಕೆಡಿಸುವ ಮಾಯದ ಉಂಗುರವನ್ನು ತನ್ನದಾಗಿಸಿಕೊಳ್ಳಲು ಜ್ಞಾನಿ ಗ್ಯಾಂಡಾಲ್ಫನೇ ಹೆದರುತ್ತಾನೆ. ವೀರ ಬೊರೊಮಿರ್ ಹೆದರದೆ ಕೆಡುತ್ತಾನೆ. ಕೈಗೆ ಬಂದದ್ದನ್ನು ಯಜಮಾನ ಫ್ರೋಡೊಗೆ ಮರಳಿಸಿದವನು ಸ್ಯಾಮ್, ಒಬ್ಬ ತೋಟದ ಆಳು. ಅವನನ್ನೂ ಉಂಗುರ ಬಿಡಲಿಲ್ಲ. ಉರಿಯುವ ಕತ್ತಿ ಹಿಡಿದ ಮಹಾವೀರನಾಗಿ, ಮಾರ್ಡರ್‌ನ ಬರಡನ್ನೆಲ್ಲ ಹೂದೋಟ ಮಾಡುವವನಾಗಿ ಅವನನ್ನೇ ಅವನಿಗೆ ತೋರಿಸಿತು. ತನ್ನ ಕೈಯಲ್ಲಿ ಅಗೆಯಲಾಗುವಷ್ಟು ನೆಲ ಸಾಕು ಎಂದುಕೊಂಡ ಸ್ಯಾಮ್. ಒತ್ತುವರಿ ಜಮೀನಿನ ಮಾತೇ ದಿನದ ಮಾತಾದ ಕಾಫಿ ಸೀಮೆಯಲ್ಲಿ, ಡ್ರ್ಯಾಗನ್ನುಗಳನ್ನು ನಂಬಬಹುದು; ಇದನ್ನು ನಂಬುವುದು ಕಷ್ಟ!

ಸ್ಯಾಮ್ ಉಳಿದುಕೊಂಡದ್ದು ಪುಣ್ಯವಂತನೆಂದಲ್ಲ. ಅವನ ಆಸೆಗಳಿಗೆ ಅಳತೆ ಇತ್ತು, ಹೆಸರಿತ್ತು: ಹಿತ್ತಲು, ಊರಿನ ಹುಡುಗಿ ರೋಸಿ, ಯಜಮಾನ ಫ್ರೋಡೊ. ಪಕ್ಕದ ತಾಲ್ಲೂಕು ಮೂಡಿಗೆರೆಯಲ್ಲಿದ್ದ ತೇಜಸ್ವಿಯವರ ‘ಕರ್ವಾಲೊ’ (1980) ಓದಿದವರಿಗೆ ಈ ಜಾತಿಯ ಮನುಷ್ಯ ಹೊಸಬನಲ್ಲ. ಹಾರುವ ಓತಿ ಸಿಕ್ಕರೆ ವಿಜ್ಞಾನಿಗೆ ಜಗತ್ಪ್ರಸಿದ್ಧಿ. ಅದನ್ನು ಕಂಡಿದ್ದ ಮಂದಣ್ಣನ ತಲೆಯಲ್ಲಿ ಮಾತ್ರ ಜೇನು ಮತ್ತು ಮದುವೆ.

ಹಾಗೆಂದು ಸಣ್ಣವರೆಲ್ಲ ಪಾರಾಗುತ್ತಾರೆಂದು ಟೋಲ್ಕಿನ್ ಬರೆಯಲಿಲ್ಲ. ಗೊಲ್ಲಮ್ ಕೂಡ ಸ್ಯಾಮನಂತೆ ಹಾಬಿಟ್ಟರೆಂಬ ಕುಳ್ಳರ ಕುಲದವನೇ. ಉಂಗುರ ಕಂಡ ಮೊದಲ ದಿನವೇ ಗೆಳೆಯನನ್ನು ಕೊಂದ. ಉಂಗುರವನ್ನು ಸುಡಲೆಂದೇ ಅಷ್ಟು ದೂರ ಹೊತ್ತು ತಂದ ಫ್ರೋಡೊ ಬೆಂಕಿಯ ಬಾಯಲ್ಲಿ ನಿಂತು, ಇದು ನನ್ನದು ಎಂದುಬಿಟ್ಟ.

ಮಂಜರಾಬಾದ್ ಇರುವ ಹಾಸನ ಜಿಲ್ಲೆಯಲ್ಲೇ, ಆಲೂರು ದಾಟಿ ಪೂರ್ವಕ್ಕೆ ಇಳಿದರೆ, ಶ್ರವಣಬೆಳಗೊಳದಲ್ಲಿ ಇನ್ನೊಂದು ಮಾಯದ ಆಯುಧದ ಕಥೆ ಕಲ್ಲಾಗಿ ನಿಂತಿದೆ. 941ರಲ್ಲಿ ಪಂಪ ‘ಆದಿಪುರಾಣ’ದಲ್ಲಿ ಹೇಳಿದ ಕಥೆಯದು. ತಮ್ಮನಿಗೆ ಸೋತ ಭರತ ಎಸೆದ ಚಕ್ರರತ್ನ ಆ ತಮ್ಮ ಬಾಹುಬಲಿಯನ್ನು ಸುತ್ತಿ ಬಂದು ಪಕ್ಕದಲ್ಲೇ ನಿಂತಿತು. ಗೆದ್ದವನು ಅದನ್ನೂ ರಾಜ್ಯವನ್ನೂ ಬಿಟ್ಟು ನಡೆದ. ಆದರೆ ಬಾಹುಬಲಿ ರಾಜಕುಮಾರ. ಬಿಡುವುದಕ್ಕೂ ಅವನಲ್ಲಿ ಬೇಕಾದಷ್ಟಿತ್ತು. ಮೈಗೆ ಬಳ್ಳಿ ಹಬ್ಬಿದ ಮೇಲೂ, ಅಣ್ಣನ ನೆಲದ ಮೇಲೆ ನಿಂತಿದ್ದೇನೆಂಬ ಅಭಿಮಾನ ಕರಗಲಿಲ್ಲವಂತೆ.

ಸ್ಯಾಮನಿಗೆ ಹತ್ತಿರದವಳು ಆ 58 ಅಡಿಯ ಮೂರ್ತಿಯ ಎದುರಿಗಿರುವ ಗುಳ್ಳಕಾಯಜ್ಜಿ. ಗಂಗರ ಮಂತ್ರಿ ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ತೊಡೆಯ ಕೆಳಗಿಳಿಯಲಿಲ್ಲ. ಈ ಮುದುಕಿ ಗುಳ್ಳಕಾಯಿಯ ಬುರುಡೆಯಲ್ಲಿ ತಂದ ಹನಿ ಹಾಲು ಮೂರ್ತಿಯನ್ನು ಪಾದದವರೆಗೂ ತೋಯಿಸಿತಂತೆ.

ಅವಳು ಕೂಷ್ಮಾಂಡಿನಿ ದೇವಿಯೇ ವೇಷ ಮರೆಸಿ ಬಂದವಳೆಂದೂ ಐತಿಹ್ಯ ಸೇರಿಸುತ್ತದೆ. ಇದೊಂದು ಬೇಡವಾಗಿತ್ತು. ಬರೀ ಮುದುಕಿ ಮಂತ್ರಿಗಿಂತ ಮೇಲಾದಳೆಂದರೆ ಯಾರಿಗೋ ಸಹಿಸಲಾಗಲಿಲ್ಲವೇನೋ. ಟೋಲ್ಕಿನ್ ಸ್ಯಾಮನಿಗೆ ಅಂಥ ಬಡ್ತಿ ಕೊಡಲಿಲ್ಲ. ಅವನು ಊರಿಗೆ ಮರಳಿ ರೋಸಿಯನ್ನು ಮದುವೆಯಾದ, ಮರ ಕಡಿದಿದ್ದ ಕಡೆಗಳಲ್ಲೆಲ್ಲ ಗಿಡ ನೆಟ್ಟ, 13 ಮಕ್ಕಳ ತಂದೆಯಾದ. ಆಮೇಲೆ ಊರವರು ಅವನನ್ನು ಮೇಯರ್ ಹುದ್ದೆಗೆ ಆರಿಸಿದರು. ಒಂದಲ್ಲ, ಏಳು ಅವಧಿಗೆ!